ಒಳಗೊಂದು ಚೀಟಿ, ಹೊರಗೊಂದು ಚೀಟಿ

ನಮ್ಮಪ್ಪ ಸೇತುರಾಮ ಅವರು ಯಾವುದಕ್ಕೆಲ್ಲ ಹೆದರುತ್ತಿದ್ದರು ಎಂದು ಹೇಳುವುದಕ್ಕಿಂತ ಯಾವುದಕ್ಕೆ ಹೆದರುತ್ತಿರಲಿಲ್ಲ ಎಂದು ಹೇಳುವುದು ಸುಲಭ. ಜಿರಳೆಗೆ ಹೆದರುತ್ತಿರಲಿಲ್ಲ. ಅಷ್ಟೇ. ಮತ್ತಿಕೆರೆಯ ನಮ್ಮ ಬೀದಿಯಲ್ಲಿ ಎಲ್ಲರ ಮನೆಗೂ ಗ್ಯಾಸ್ ಬಂದ ಮೇಲೂ ಸಿಲಿಂಡರಿಗೆ ಹೆದರಿ ನಾಲ್ಕು ವರ್ಷ ಅಮ್ಮನನ್ನು ಸೀಮೆಎಣ್ಣೆ ಸ್ಟೌವಿನ ಮುಂದೆಯೇ ಕೂರಿಸಿದ್ದರು. ಬಸ್ಸು ಪೂರ್ತಿ ನಿಂತರೂ ಸಾಲದು, ಡ್ರೈವರು ಸ್ಟೀರಿಂಗಿನಿಂದ ಕೈ ತೆಗೆದದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಇಳಿಯುತ್ತಿದ್ದರು. ಅಷ್ಟು ಹೊತ್ತಿಗೆ ಎಷ್ಟೋ ಸಲ ಬಸ್ಸು ಮುಂದಿನ ಸ್ಟಾಪಿಗೆ ಹೊರಟಿರುತ್ತಿತ್ತು.

ಯಶವಂತಪುರ ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಅವರು ಗುಮಾಸ್ತರು. ಬೆಳಗ್ಗೆಯಿಂದ ಸಂಜೆವರೆಗೆ ಗೋಣಿತಾಟಿನಲ್ಲಿ ಹೊಲಿದ ಮೂಟೆಗಳು, ಮೊಳೆ ಹೊಡೆದ ಪೆಟ್ಟಿಗೆಗಳು, ವೀಳ್ಯದೆಲೆಯ ಬುಟ್ಟಿಗಳು. ಪಾರ್ಸೆಲ್ ಕಟ್ಟಿಕೊಂಡು ಬಂದವರಿಗೆಲ್ಲ ಅಪ್ಪನದು ಒಂದೇ ಪ್ರಶ್ನೆ: "ಒಳಗೊಂದು ಚೀಟಿ ಹಾಕಿದ್ದೀರಾ?" ಹೊರಗಿನ ವಿಳಾಸ ಮಳೆಯಲ್ಲಿ ಅಳಿಸಬಹುದು, ಉಜ್ಜಿ ಹರಿಯಬಹುದು. ಅದಕ್ಕೇ ಒಳಗೂ ಒಂದಿರಬೇಕು. ಹಾಕಿಲ್ಲ ಎಂದರೆ ತಾವೇ ಹೊಲಿಗೆ ಬಿಚ್ಚಿ, ಚೀಟಿ ಬರೆದು ಹಾಕಿ, ದಬ್ಬಳದಿಂದ ಮತ್ತೆ ಹೊಲಿದು ಕೊಡುತ್ತಿದ್ದರು. ಆಫೀಸಿನ ಮೂಲೆಯಲ್ಲಿ ಒಂದು ಮರದ ತೊಟ್ಟಿಲು ಬಹಳ ಕಾಲ ಬಿದ್ದಿತ್ತು. ಅದರ ಚೀಟಿಯನ್ನು ಇಲಿ ತಿಂದಿತ್ತು. ಯಾರು ಕಳಿಸಿದ್ದು, ಯಾರಿಗೆ ಕಳಿಸಿದ್ದು, ಒಂದೂ ತಿಳಿಯದು. ಊಟಕ್ಕೆ ಕೂತಾಗ ಅಪ್ಪ ಆ ತೊಟ್ಟಿಲಿನ ಮಾತೆತ್ತಿದರೆ ತುತ್ತು ಕೈಯಲ್ಲೇ ಉಳಿಯುತ್ತಿತ್ತು.

ಇಷ್ಟೆಲ್ಲ ಹೆದರುತ್ತಿದ್ದರೂ ನಮ್ಮ ಮನೆಯಲ್ಲಿ ಹೆದರಿಕೆಯನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಸೂರಿನ ಮೇಲೆ ಅಸ್ತು ದೇವತೆಗಳು ಓಡಾಡುತ್ತಿರುತ್ತಾರೆ, ಕೆಟ್ಟ ಮಾತು ಕಿವಿಗೆ ಬಿದ್ದರೆ ತಕ್ಷಣ "ಅಸ್ತು" ಎಂದುಬಿಡುತ್ತಾರೆ, ಅದು ಹಾಗೇ ಆಗಿಬಿಡುತ್ತದೆ. ಆದ್ದರಿಂದ ಅಕ್ಕಿ ಮುಗಿಯಿತು ಎನ್ನುವಂತಿಲ್ಲ, ತುಂಬಿದೆ ಎನ್ನಬೇಕು. ದೀಪ ಆರಿತು ಎನ್ನುವಂತಿಲ್ಲ, ದೊಡ್ಡದಾಯಿತು ಎನ್ನಬೇಕು. ಇನ್ನು ಸಾವು ಎಂಬ ಮಾತನ್ನಂತೂ ನಾನು ಆ ಮನೆಯೊಳಗೆ ಕೇಳಿದ್ದೇ ಇಲ್ಲ.

ಇಂಥ ಮನೆಗೆ ಸಾವಿರದ ಒಂಬೈನೂರ ಎಂಬತ್ತೆರಡರ ಏಪ್ರಿಲಿನಲ್ಲಿ ನಾನು ಒಂದು ಕಾಗದ ತಂದೆ.

ನನಗಾಗ ಇಪ್ಪತ್ತಮೂರು. ಹೆಬ್ಬಾಳದಲ್ಲಿ ಬೀಜ ಪರೀಕ್ಷೆ ಮಾಡುವ ಒಂದು ಲ್ಯಾಬಿನಲ್ಲಿ ಕೆಲಸ. ಭಾನುವಾರಗಳಲ್ಲಿ ಒಂದು ಚಾರಣ ಸಂಘದವರ ಜೊತೆ ಬೆಟ್ಟ ಹತ್ತುತ್ತಿದ್ದೆ. ನಾನು ಬೆಟ್ಟಕ್ಕೆ ಹೋದ ದಿನ ಅಪ್ಪ ಮಧ್ಯಾಹ್ನ ಮೂರಕ್ಕೇ ಬಸ್‌ಸ್ಟಾಪಿಗೆ ಬಂದು ನಿಲ್ಲುತ್ತಿದ್ದರು. ಅದು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾನು ಅಪ್ಪನ ಹಾಗಲ್ಲ ಎಂದು ಲ್ಯಾಬಿಗೆಲ್ಲ ಡಂಗುರ ಸಾರಿದ್ದೆ. ಆ ವರ್ಷ ಸಂಘದವರು ಹಿಮಾಲಯದಲ್ಲಿ ಹದಿನೈದು ಸಾವಿರ ಅಡಿಯ ಒಂದು ಪಾಸ್, ಎಂದರೆ ಎರಡು ಶಿಖರಗಳ ನಡುವಿನ ಕಣಿವೆದಾರಿ, ದಾಟುವುದಕ್ಕೆ ಹನ್ನೆರಡು ಜನರನ್ನು ಆರಿಸಿದರು. ಪಟ್ಟಿಯಲ್ಲಿ ನನ್ನ ಹೆಸರೂ ಬಂತು. ಎಲ್ಲರೂ ಕೈಕುಲುಕಿದರು, ನಾನು ನಕ್ಕೆ. ಮೆಟ್ಟಿಲಿಳಿಯುವಾಗ ಮಾತ್ರ ಗೋಡೆ ಹಿಡಿದುಕೊಂಡೆ.

ನಮ್ಮ ಮುಖಂಡರು ಜಯಸಿಂಹ, ಎರಡು ಸಲ ಹಿಮದ ಮೇಲೆ ನಡೆದು ಬಂದವರು. ನಂದಿ ಬೆಟ್ಟದ ಮೇಲೆ ನಂದಿ ಬೆಟ್ಟ, ಅದರ ಮೇಲೆ ಇನ್ನೊಂದು ನಂದಿ ಬೆಟ್ಟ ಇಟ್ಟರೆ ಅಷ್ಟಾಗುತ್ತದೆ ಎಂದರು. ಅಷ್ಟು ಎತ್ತರದಲ್ಲಿ ಗಾಳಿ ಸಾಲದೆ ಕೆಲವರಿಗೆ ಬುದ್ಧಿ ಮಂಕಾಗುತ್ತದೆ, ತಮ್ಮ ಹೆಸರೂ ನೆನಪಾಗುವುದಿಲ್ಲ. ಹಾಗಾದವರನ್ನು ಕೂಡಲೇ ಕೆಳಕ್ಕೆ ಇಳಿಸಬೇಕು, ಇಲ್ಲದಿದ್ದರೆ ಬದುಕುವುದಿಲ್ಲ ಎಂದರು. ಅವರು ಇದನ್ನು ಹೇಳಿದ್ದು ಮಾಮೂಲಿ ಸ್ವರದಲ್ಲೇ. ನನಗೆ ಆ ದಿನದಿಂದ ಅನ್ನ ಸೇರಲಿಲ್ಲ. ಬಸ್ಸಿನಲ್ಲಿ ಕೂತು ನನ್ನ ಹೆಸರು ನೆನಪಿದೆಯೇ ಎಂದು ಮನಸ್ಸಿನಲ್ಲೇ ಹೇಳಿ ನೋಡಿಕೊಳ್ಳುತ್ತಿದ್ದೆ.

ಹಿಂದೆ ಸರಿಯುವ ಹಾಗೂ ಇರಲಿಲ್ಲ, ಮೊದಲೇ ಬಾಯಿಬಡಕಿ. ಆಗ ಕೈಗೆ ಸಿಕ್ಕಿದ್ದು ಆ ಕಾಗದ. "ಚಾರಣದ ಕಾಲದಲ್ಲಿ ಅಪಘಾತ ಅಥವಾ ಮರಣ ಸಂಭವಿಸಿದಲ್ಲಿ ಸಂಘವು ಹೊಣೆಯಲ್ಲ" ಎಂದು ಟೈಪು ಮಾಡಿದ್ದರು. ಮದುವೆಯಾಗದ ಹುಡುಗಿಯರಾದರೆ ತಂದೆ ಸಹಿ ಹಾಕಬೇಕು, ಶನಿವಾರದೊಳಗೆ ಕೊಡಬೇಕು. ಅದನ್ನು ಓದಿದ ಕೂಡಲೇ ನನಗೆ ಹೋದ ಜೀವ ಬಂದಂತಾಯಿತು. ನಮ್ಮಪ್ಪ ಆ ಮಾತಿರುವ ಕಾಗದಕ್ಕೆ ಸಹಿ ಹಾಕುವುದುಂಟೇ? ಅವರು ಬೇಡ ಎನ್ನುತ್ತಾರೆ, ನಾನು ನಾಲ್ಕು ಹನಿ ಕಣ್ಣೀರು ಹಾಕುತ್ತೇನೆ, ನಮ್ಮಪ್ಪ ಪುಕ್ಕಲ ಕಣ್ರೀ ಎಂದು ಎಲ್ಲರಿಗೂ ಹೇಳಿ ಮನೆಯಲ್ಲಿ ಹಾಯಾಗಿರುತ್ತೇನೆ.

ಎಲ್ಲಾದರೂ ಒಪ್ಪಿಬಿಟ್ಟಾರು ಎಂದು ಕಾಗದದ ಜೊತೆಗೆ ಕಥೆಯನ್ನೂ ಸೇರಿಸಿದೆ. ಕಾಲಿನ ಬೆರಳು ಕಪ್ಪಗಾಗಿ ಉದುರುವುದು, ಹಿಮದ ಕೆಳಗೆ ಬಾಯಿ ತೆರೆದಿರುವ ಬಿರುಕುಗಳು, ಕೊನೆಗೆ ಹೆಸರು ಮರೆತುಹೋಗುವುದು, ಎಲ್ಲವನ್ನೂ ಉಪ್ಪುಖಾರ ಹಚ್ಚಿ ಹೇಳಿದೆ. ಅಮ್ಮ ವೇದವತಿ "ಬಿಡ್ತು ಅನ್ನು, ಬಿಡ್ತು ಅನ್ನು" ಎಂದು ಕೆನ್ನೆ ಬಡಿದುಕೊಂಡಳು. ಅಪ್ಪನ ಮುಖ ಸುಣ್ಣದ ಹಾಗಾಯಿತು. ಅವರು ಕಾಗದವನ್ನು ಮಡಚಿ ಪಂಚಾಂಗದೊಳಗೆ ಇಟ್ಟರು. ಬೇಡ ಎನ್ನಲಿಲ್ಲ.

"ಏನೇನು ತಗೊಂಡ್ ಹೋಗ್ಬೇಕಂತೆ? ಪಟ್ಟಿ ಕೊಡು" ಎಂದರು.

ಅಲ್ಲಿಂದ ನನ್ನ ಗ್ರಹಚಾರ ಶುರುವಾಯಿತು. ಸಂಘದವರು ಕೊಟ್ಟ ಬೆನ್ನುಚೀಲ ನಡುಮನೆಯಲ್ಲಿ ಕೂತಿತು. ಅಪ್ಪ ದಿನವೂ ಡ್ಯೂಟಿ ಮುಗಿಸಿ ಬಂದು ಒಂದೊಂದೇ ಸಾಮಾನು ತುಂಬತೊಡಗಿದರು. ಪಟ್ಟಿಯಲ್ಲಿದ್ದದ್ದು ಎರಡು ಸ್ವೆಟರು, ಉಣ್ಣೆಯ ಟೋಪಿ, ಆರು ಜೊತೆ ಸಾಕ್ಸು, ಟಾರ್ಚು, ತಟ್ಟೆ ಲೋಟ. ಅಪ್ಪ ಸೇರಿಸಿದ್ದು ಪಚ್ಚಕರ್ಪೂರ, ಒಣಶುಂಠಿ, ಎರಡು ಡಜನ್ ಮೇಣದಬತ್ತಿ, ರೈಲ್ವೆ ಸೀಟಿ, ಹತ್ತು ಮಾರು ಹುರಿ. ಅಮ್ಮನ ಪಾಲು ಚಟ್ನಿಪುಡಿ, ಹುರಿಹಿಟ್ಟು ಮತ್ತು ಒಂದು ಡಬ್ಬ ಗೊಜ್ಜವಲಕ್ಕಿ. ದಿನವೂ ಪಂಚಾಂಗ ತೆರೆದು ನೋಡುತ್ತಿದ್ದೆ. ಸಹಿ ಇರಲಿಲ್ಲ. ಇಂದೂ ಹಾಕದಿರಲಿ ದೇವರೇ ಎಂದು ಕೈಮುಗಿದು, ಸಿಟ್ಟಿನವಳ ಹಾಗೆ ಮುಖ ಮಾಡಿಕೊಂಡು ಕೆಲಸಕ್ಕೆ ಹೋಗುತ್ತಿದ್ದೆ.

ಒಬ್ಬೊಬ್ಬರ ಹೊರೆ ಹತ್ತು ಕಿಲೋ ಮೀರಬಾರದು ಎಂದು ಜಯಸಿಂಹ ಹೇಳಿದ್ದರು. ಶುಕ್ರವಾರ ಮಧ್ಯಾಹ್ನ ಚೀಲವನ್ನು ತೂಗುವುದಕ್ಕೆ ಅಪ್ಪ ನನ್ನನ್ನು ಪಾರ್ಸೆಲ್ ಆಫೀಸಿಗೆ ಕರೆದರು. ಅಲ್ಲಿನ ಹಮಾಲಿ ಮುನಿನಾರಾಯಣಪ್ಪ ರಾಜಾನುಕುಂಟೆಯವರು, ಅಪ್ಪನ ಹಳೇ ಜೊತೆಗಾರರು. ಚೀಲವನ್ನು ಎತ್ತಿ ತೂಕದ ಮಣೆಯ ಮೇಲಿಟ್ಟರು. ಹದಿನಾಲ್ಕೂವರೆ.

"ಅಲ್ಲಾ ಸ್ವಾಮಿ, ಮಗೀನ ಕಳುಸ್ತಿದೀರೋ, ಅಂಗಡೀನೇ ಕಳುಸ್ತಿದೀರೋ? ಇಷ್ಟು ಒತ್ಕಂಡು ಆವಮ್ಮ ಎಂಗೆ ಬೆಟ್ಟ ಏರ್ತದೆ?" ಎಂದು ಮುನಿನಾರಾಯಣಪ್ಪ ನಕ್ಕರು.

ಅಪ್ಪ ನಗಲಿಲ್ಲ. ಒಂದೊಂದಾಗಿ ಸಾಮಾನು ತೆಗೆದು ಮೇಜಿನ ಮೇಲಿಡುತ್ತಾ, ಯಾವುದನ್ನು ಬಿಡಬೇಕೆಂದು ತಿಳಿಯದೆ ಕೈ ಹಿಸುಕಿಕೊಂಡರು. ನಾನು ಸ್ವೆಟರನ್ನು ಎತ್ತಿಕೊಂಡೆ. ಕತ್ತಿನ ಒಳಭಾಗದಲ್ಲಿ ಏನೋ ಒರಟಾಗಿ ಕೈಗೆ ತಾಗಿತು. ತಿರುಗಿಸಿ ನೋಡಿದೆ. ಒಂದು ಬಟ್ಟೆಯ ಪಟ್ಟಿ. ಮೂಟೆಗೆ ಹಾಕುವ ಹೊಲಿಗೆ, ದಪ್ಪ ದಾರ. ಪಾರ್ಸೆಲ್ಲಿಗೆ ಬರೆಯುವ ಅಳಿಸದ ಕಪ್ಪು ಮಸಿಯಲ್ಲಿ, ಸ್ಟೇಷನ್ ಬೋರ್ಡಿನ ಹಾಗೆ ಮೂರು ಭಾಷೆಯಲ್ಲಿ: ತುಂಗಾ, ಸೇತುರಾಮ ಅವರ ಮಗಳು, ಮತ್ತಿಕೆರೆ, ಬೆಂಗಳೂರು.

ಇನ್ನೊಂದು ಸ್ವೆಟರು ನೋಡಿದೆ, ಅದರಲ್ಲೂ ಇತ್ತು. ಟೋಪಿಯಲ್ಲಿತ್ತು. ಹನ್ನೆರಡು ಸಾಕ್ಸಿನಲ್ಲೂ ಇತ್ತು, ಒಂದು ಕಾಲು ಒಂದು ಕಡೆ ಇನ್ನೊಂದು ಕಾಲು ಇನ್ನೊಂದು ಕಡೆ ಸಿಕ್ಕರೂ ಗೊತ್ತಾಗಲಿ ಎನ್ನುವ ಹಾಗೆ. ಅಪ್ಪ ಏನನ್ನು ಕಂಡು ಇವನ್ನೆಲ್ಲ ಹೊಲಿದಿದ್ದರೋ ಅದು ನನ್ನ ಕಣ್ಣಿಗೂ ಕಂಡಿತು. ಬಿಳೀ ಹಿಮ, ಅದರ ಮೇಲೆ ಈ ಸ್ವೆಟರು, ಅದರೊಳಗೆ ಮಾತಾಡದ ನಾನು, ಬಗ್ಗಿ ಕತ್ತಿನ ಪಟ್ಟಿಯನ್ನು ಓದುತ್ತಿರುವ ಯಾರೋ. ಅಷ್ಟು ಭಯ ನನಗೆ ಅದಕ್ಕೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಿಲ್ಲ.

"ಕೆಟ್ಟ ಮಾತು ಆಡ್ಬೇಡ ಅಂತೀರಲ್ಲ, ನೀವು ಅದನ್ನೇ ಸಾಕ್ಸ್ ಮೇಲೆಲ್ಲಾ ಬರ್ದಿದ್ದೀರಲ್ಲ ಅಪ್ಪಾ!" ಎಂದು ಕಿರುಚಿದೆ.

"ನೀನೇ ಹೇಳ್ದೆಯಲ್ಲಮ್ಮಾ, ಅಲ್ಲಿ ಹೆಸರೇ ಮರ್ತೋಗತ್ತೆ ಅಂತ. ಯಾರಾದ್ರೂ ಕೇಳಿದ್ರೆ ತೋರ್ಸೋಕಾದ್ರೂ ಬೇಕಲ್ಲ" ಎಂದರು ಅಪ್ಪ. ಮುನಿನಾರಾಯಣಪ್ಪ ಮೆಲ್ಲಗೆ ಹೊರಗೆ ಹೋದರು.

ನಾನು ಒಂದು ಮೂಟೆಯ ಮೇಲೆ ಕುಸಿದು ಕೂತು ಎಲ್ಲವನ್ನೂ ಕಕ್ಕಿಬಿಟ್ಟೆ. ನನಗೆ ಹೋಗುವುದಕ್ಕೆ ಭಯ, ನೀವು ಬೇಡ ಎನ್ನಲಿ ಎಂದೇ ಅಷ್ಟು ಹೆದರಿಸಿದ್ದು, ನಿಮ್ಮ ಮೇಲೆ ಹಾಕಿ ತಪ್ಪಿಸಿಕೊಳ್ಳೋಣ ಎಂದುಕೊಂಡಿದ್ದೆ ಎಂದೆ.

"ಗೊತ್ತು ಕಣೇ" ಎಂದರು.

"ಹೇಗೆ ಗೊತ್ತು?"

"ಹೆದರಿರೋರ ಮುಖ ನನಗೆ ಗೊತ್ತಾಗಲ್ವಾ?"

ಆಮೇಲೆ, ಮೂಲೆಯ ತೊಟ್ಟಿಲಿನ ಕಡೆ ನೋಡುತ್ತಾ, ನನಗೆ ಎಂದೂ ಹೇಳದಿದ್ದ ಒಂದು ವಿಷಯ ಹೇಳಿದರು. ಐವತ್ತಾರನೇ ಇಸವಿಯಲ್ಲಿ ಅವರು ಗಾರ್ಡ್ ಕೆಲಸಕ್ಕೆ ಆಯ್ಕೆಯಾಗಿದ್ದರಂತೆ. ಬಿಳೀ ಪ್ಯಾಂಟು, ಕೈಯಲ್ಲಿ ಬಾವುಟ, ಊರೂರು ತಿರುಗುವ ಕೆಲಸ. ಒಳಗೊಳಗೇ ನಡುಕ. "ನಮ್ಮಮ್ಮನ ಹತ್ರ ಹೋಗಿ ರೈಲು ಹಳಿ ತಪ್ಪೋ ಕಥೆಯೆಲ್ಲಾ ಹೇಳ್ದೆ, ಥೇಟ್ ನಿನ್ನ ಹಾಗೇನೇ. ಅವಳು ಬೇಡಪ್ಪಾ ಅಂದ್ಳು. ನನಗೆ ಎಷ್ಟು ಖುಷಿಯಾಯ್ತು ಅಂತೀಯ. ಆಮೇಲೆ ಅವಳು ಹೋಗೋವರೆಗೂ ಅವಳ ಮೇಲೆ ಸಿಟ್ಟು ಮಾಡ್ದೆ ಕಣೇ. ನಿನ್ನಿಂದ ಹಿಂಗಾದೆ, ನಿನ್ನಿಂದ ಹಿಂಗಾದೆ ಅಂತ. ಪಾಪ, ಅವಳದೇನಿತ್ತು?" ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು. "ನಾನು ಸಹಿ ಹಾಕ್ತೀನಿ. ಹೋಗೋದು ಬಿಡೋದು ನಿನಗೆ ಬಿಟ್ಟಿದ್ದು. ಹೋಗ್ದೆ ಇದ್ರೆ ಮಾತ್ರ ನನ್ನ ಹೆಸರು ಹೇಳ್ಬೇಡ."

ಅವತ್ತು ಸಂಜೆ ದೀಪ ಹಚ್ಚಿದ ಮೇಲೆ ಅಪ್ಪ ಪಂಚಾಂಗದಿಂದ ಕಾಗದ ತೆಗೆದರು. ಅಮ್ಮ ಹೌಹಾರಿದಳು. "ಏನೂಂದ್ರೆ, ಆ ಮಾತಿರೋ ಕಾಗದಕ್ಕೆ ಸಹಿ ಹಾಕ್ತೀರಾ?"

"ನೀನು ಗಂಟೆ ಹೊಡಿ ವೇದಾ. ನಾನು ಹೇಳೋವರೆಗೂ ನಿಲ್ಲಿಸ್ಬೇಡ. ಅವರಿಗೆ ಕೇಳಿಸ್ಬಾರ್ದು" ಎಂದು ಅಪ್ಪ ಸೂರಿನ ಕಡೆ ನೋಡಿದರು.

ಅಮ್ಮ ದೇವರ ಮುಂದಿನ ಗಂಟೆ ಎತ್ತಿಕೊಂಡು ಬಾರಿಸತೊಡಗಿದಳು. ಓದದೆ ಯಾವ ಕಾಗದಕ್ಕೂ ಸಹಿ ಹಾಕಿದವರಲ್ಲ ನಮ್ಮಪ್ಪ. ಬೆರಳಿಟ್ಟು ಸಾಲು ಸಾಲಾಗಿ ಪಿಸುಗುಟ್ಟುತ್ತಾ ಓದಿದರು. ಆ ಪದದ ಹತ್ತಿರ ಬೆರಳು ನಿಂತಿತು. ಗಂಟೆ ಇನ್ನೂ ಜೋರಾಯಿತು. ಅಮ್ಮನ ಕಣ್ಣಲ್ಲಿ ಧಾರಾಕಾರ ನೀರು, ಕೈ ಮಾತ್ರ ನಿಲ್ಲಲಿಲ್ಲ. ಪಕ್ಕದ ಮನೆಯ ಗಂಗರತ್ನಮ್ಮ ಮಹಾಮಂಗಳಾರತಿ ಎಂದುಕೊಂಡು ಓಡಿ ಬಂದು ಬಾಗಿಲಲ್ಲಿ ಕೈಮುಗಿದು ನಿಂತರು. ಅಪ್ಪ ಸಹಿ ಹಾಕಿದರು. ಅಕ್ಷರ ಸೊಟ್ಟಗಾಗಿತ್ತು, ಆದರೂ ಪೂರ್ತಿ ಇತ್ತು.

ನನಗಿದ್ದ ಒಂದೇ ಬಾಗಿಲು ಮುಚ್ಚಿತು. ಶನಿವಾರ ಕಾಗದ ಕೊಟ್ಟು ಬಂದೆ. ಹೊರಡುವ ದಿನ ಸಿಟಿ ಸ್ಟೇಷನ್ನಿನಲ್ಲಿ ದೆಹಲಿ ರೈಲು ಹತ್ತುವವರೆಗೂ, ಈಗಲಾದರೂ ಹಿಂದಕ್ಕೆ ಓಡಲೇ ಎಂದು ಯೋಚಿಸುತ್ತಿದ್ದೆ. ಅಪ್ಪ ಹತ್ತು ಕಿಲೋಗೆ ಇಳಿಸಿದ ಚೀಲದ ಹೊರಗಿನ ಚೀಟಿಯ ಗಂಟನ್ನು ಎಳೆದು ನೋಡುತ್ತಾ ನಿಂತಿದ್ದರು.

ಬೆಟ್ಟದ ಬುಡದ ಮೊದಲ ಬಿಡಾರದಲ್ಲಿ, ಗುಡಾರದೊಳಗೆ ಚೀಲ ಬರಿದು ಮಾಡುವಾಗ, ತಳದಲ್ಲಿ ಒಳಗಿನ ಚೀಟಿ ಸಿಕ್ಕಿತು. ರೈಲ್ವೆಯ ಪಾರ್ಸೆಲ್ ಚೀಟಿ, ಅಪ್ಪನ ಗುಂಡು ಅಕ್ಷರ. ಕಳಿಸುವವರು: ಸೇತುರಾಮ, ಮತ್ತಿಕೆರೆ. ಪಡೆಯುವವರು: ಸೇತುರಾಮ, ಮತ್ತಿಕೆರೆ. ಅಷ್ಟು ವರ್ಷದ ಸರ್ವೀಸಿನಲ್ಲಿ ಅಂಥ ಚೀಟಿಯನ್ನು ಅವರು ಇನ್ನೊಂದು ಬರೆದಿರಲಾರರು. ಅದನ್ನು ಹಿಡಿದುಕೊಂಡು ಬಹಳ ಹೊತ್ತು ಅತ್ತೆ.

ಪಾಸ್ ಹತ್ತಿದ ದಿನ ಉದ್ದಕ್ಕೂ ಹೆದರಿದ್ದೆ. ಧೈರ್ಯ ಬಂತು ಎಂದು ಸುಳ್ಳು ಹೇಳಲಾರೆ. ಐದು ಹೆಜ್ಜೆಗೊಮ್ಮೆ ನಿಂತು, ಏದುಸಿರಿನಲ್ಲಿ, "ತುಂಗಾ, ಸೇತುರಾಮ ಅವರ ಮಗಳು, ಮತ್ತಿಕೆರೆ" ಎಂದು ಹೇಳಿಕೊಂಡು ಮುಂದಿನ ಐದು ಹೆಜ್ಜೆ ಇಡುತ್ತಿದ್ದೆ. ಜಯಸಿಂಹ ಅದನ್ನು ಯಾವುದೋ ಜಪ ಎಂದುಕೊಂಡಿದ್ದರು.

ಹಿಂತಿರುಗಿದ ರೈಲು ಸಿಟಿ ಸ್ಟೇಷನ್ನಿಗೆ ಮೂರು ಗಂಟೆ ತಡವಾಗಿ ಬಂತು. ಅಪ್ಪ ಪ್ಲಾಟ್‌ಫಾರಂ ಮೇಲೆ ಇದ್ದರು. ನನ್ನ ಮುಖವೆಲ್ಲ ಬಿಸಿಲಿಗೆ ಸುಟ್ಟು ಸಿಪ್ಪೆ ಏಳುತ್ತಿತ್ತು. ಅವರು ಚೀಲ ಇಸಿದುಕೊಳ್ಳಲಿಲ್ಲ, ಹೇಗಿದ್ದೀಯ ಎಂದೂ ಕೇಳಲಿಲ್ಲ. ನನ್ನ ಎರಡೂ ಭುಜ ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು, "ನಿನ್ನ ಹೆಸರೇನಮ್ಮಾ?" ಎಂದರು.

ತಮಾಷೆಯಲ್ಲ. ಭುಜ ಬಿಡದೆ ಕಾದರು.

"ತುಂಗಾ" ಎಂದೆ.

"ಅಪ್ಪನ ಹೆಸರು?"

"ಸೇತುರಾಮ."

ಅವರು ಅಲ್ಲೇ, ಆ ಜನಸಂದಣಿಯ ನಡುವೆ, ಯಾರದೋ ಟ್ರಂಕಿನ ಮೇಲೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು.