ಜಮಖಾನದ ಮೇಲೆ ಬೂಟು

ಮಗಳು ಪಿಟೀಲು ನುಡಿಸುವುದು ಚಕ್ಕಳಮಕ್ಕಳ ಹಾಕಿ ಕೂತು, ಪಿಟೀಲಿನ ತುದಿಯನ್ನು ಬಲಗಾಲಿನ ಮೇಲೆ ಊರಿ. ಕಲಿತದ್ದೇ ಹಾಗೆ. ನಿಂತರೆ ಬೆರಳು ಓಡುವುದಿಲ್ಲ. ಅವಳ ಪಂಕ್ ಬ್ಯಾಂಡಿನಲ್ಲಿ ಮಿಕ್ಕವರೆಲ್ಲ ನಿಂತು ಕುಣಿಯುವಾಗ ಇವಳೊಬ್ಬಳು ನೆಲದಲ್ಲಿ. ಎಡಗೈ ಬೆರಳುಗಳು ನೆಲಕ್ಕಿಂತ ಒಂದು ಗೇಣು ಮೇಲೆ. ನನಗೆ ಆ ಬೆರಳುಗಳದೇ ಭಯ.

ಆ ಭಾನುವಾರ ಮಧ್ಯಾಹ್ನ ನ್ಯೂ ಬ್ರನ್ಸ್‌ವಿಕ್‌ನ ಒಂದು ಬಾಡಿಗೆ ಮನೆಯ ಬೇಸ್‌ಮೆಂಟಿನಲ್ಲಿ ಶೋ. ನಾನೇ ಡ್ರೈವ್ ಮಾಡಿಕೊಂಡು ಕರೆದೊಯ್ದೆ. ಹಾಸಿಕೊಳ್ಳಲು ಮನೆಯ ಭಜನೆ ಜಮಖಾನ ಕೊಟ್ಟೆ. ವೇದಿಕೆ ಇರಲಿಲ್ಲ. ವಾಷಿಂಗ್ ಮೆಷೀನನ್ನು ಗೋಡೆಗೆ ತಳ್ಳಿದ್ದರು; ಅದರ ಮೇಲೆ ಸೋಪಿನ ಡಬ್ಬಿ ಬಾಯಿ ತೆರೆದುಕೊಂಡಿತ್ತು. ಮುಚ್ಚಳ ಹಾಕಿದೆ.

"ಅಮ್ಮ, ಗೋ ಅಪ್‌ಸ್ಟೇರ್ಸ್. ಇಟ್ ಗೆಟ್ಸ್ ರಫ್."

"ನಾನೂ ಆಟ ಆಡಿದವಳೇ ಕಣೇ."

"ದಿಸ್ ಈಸ್ ನಾಟ್ ಯುವರ್ ಕಾನ್ವೆಂಟ್ ಥ್ರೋಬಾಲ್!"

ಅರ್ಧ ಮೆಟ್ಟಿಲು ಹತ್ತಿ ಅಲ್ಲೇ ನಿಂತೆ.

ಬ್ಯಾಂಡಿನಲ್ಲಿ ಅಕಾರ್ಡಿಯನ್ ನುಡಿಸುವವಳ ಅಜ್ಜಿ ರಷ್ಯಾದಿಂದ ಬಂದ ಯಹೂದಿ. ಆ ಅಜ್ಜಿ ಮದುವೆಗಳಲ್ಲಿ ಹಾಡುತ್ತಿದ್ದ ಹಾಡು ಮೆಲ್ಲಗೆ ಎದ್ದಿತು. ಮಗಳ ಪಿಟೀಲಿನಲ್ಲಿ ನನಗೆ ವಕುಳಾಭರಣ ರಾಗ ಕೇಳಿಸಿತು. ಅಷ್ಟರಲ್ಲಿ ಡ್ರಮ್ಮು ಅದರ ಮೇಲೆ ಬಿತ್ತು. ಕೇಳಲು ಬಂದ ಜನ ಒಬ್ಬರನ್ನೊಬ್ಬರು ಗುದ್ದತೊಡಗಿದರು; ಈ ಸಂಗೀತಕ್ಕೆ ಕುಣಿತವೇ ಹಾಗೆ. ಒಬ್ಬನ ಮೊಣಕೈ ಇನ್ನೊಬ್ಬನ ಮೂಗಿಗೆ ಬಡಿಯಿತು. ರಕ್ತ ತುಟಿಗಿಳಿದರೂ ಅವನು ನಗುತ್ತಿದ್ದ, ಹಲ್ಲೆಲ್ಲ ಕೆಂಪು. ಒಬ್ಬ ಹುಡುಗಿಯ ತಲೆ ಕಬ್ಬಿಣದ ಪೈಪಿಗೆ ಹೊಡೆದು ಕ್ಲಿಪ್ಪು ಚೂರಾಯಿತು. ಅವಳು ಕೂದಲು ಒದರಿಕೊಂಡು ಮತ್ತೆ ನುಗ್ಗಿದಳು.

ಆಗ ಒಂದು ಬೂಟುಗಾಲು ಜಮಖಾನದ ಮೇಲೆ ಬಂತು. ಮಗಳ ಕಿರುಬೆರಳ ಪಕ್ಕದಲ್ಲೇ.

ಮೆಟ್ಟಿಲಿನಿಂದ ಹೇಗೆ ಇಳಿದೆನೋ. ಜಮಖಾನ ತುಳಿಯುವ ಮೊದಲು ನನ್ನ ಚಪ್ಪಲಿಯನ್ನಂತೂ ಬಿಟ್ಟಿದ್ದೆ. ಅವಳ ಮುಂದೆ ನಿಂತು, ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳ ಗಂಟಲಿನಲ್ಲಿ ಕಿರುಚಿದೆ: "ಶೂಸ್! ಟೇಕ್ ಆಫ್ ಯುವರ್ ಶೂಸ್!"

ಇದೂ ಹಾಡಿನ ಭಾಗವೆಂದುಕೊಂಡರೋ ಏನೋ, ಮುಂದಿದ್ದವರು ಹೋ ಎಂದು ಕೂಗುತ್ತಾ ಬೂಟು ಕಳಚಿದರು. ಕಳಚಿ ಎಸೆದರು. ಒಂದು ಬಂದು ನನ್ನ ಬಾಯಿಗೆ ಬಡಿಯಿತು. ಉಪ್ಪುಪ್ಪು ರುಚಿ.

"ಅಮ್ಮ! ಯು ಆರ್ ಬ್ಲೀಡಿಂಗ್!" ಅವಳ ಕಮಾನು ನಿಂತಿರಲಿಲ್ಲ.

"ನುಡಿಸು ನೀನು."

ಕೆಂಪು ಹಲ್ಲಿನವನು ತೂರಾಡಿಕೊಂಡು ಬಂದು ನನ್ನನ್ನು ದಾಟಿ ಅವಳ ಕೈಯನ್ನೇ ತುಳಿದ. ಅವಳು ಬೆರಳು ಒದರಿ, ಮಡಿಸಿ, ಬಿಡಿಸಿ, ಮತ್ತೆ ತಂತಿಗೆ ಇಟ್ಟಳು. ತುಳಿದದ್ದು ಬರಿಯ ಕಾಲುಚೀಲ. ಹೆಬ್ಬೆರಳ ಹತ್ತಿರ ತೂತಾಗಿತ್ತು.

ನನ್ನ ಮೊಣಕೈ ಅವನ ಪಕ್ಕೆಗೆ ಹೋಯಿತು. "ಸಾರಿ" ಅಂದೆ. ಅವನು ನಗುತ್ತಲೇ ಮತ್ತೆ ಬಂದ. ಈ ಸಲ ಸಾರಿ ಅನ್ನದೆ ಹೊಡೆದೆ.