ಕೆಳಮನೆಯವನ ಅಗಲ ಕಾರು

ಜಪಾನಿನ ಇಚಿಕಾವಾದಲ್ಲಿ ನಮ್ಮ ಕೆಳಮನೆಯಲ್ಲಿದ್ದ ಮೈಸೂರಿನ ಇಂಜಿನಿಯರಿಗೆ ಕಾರಿನ ಹುಚ್ಚು. ಚಕ್ರಗಳು ಹೊರಚಾಚಿ ಕಾಣಲೆಂದು ಅವುಗಳ ಹಿಂದೆ ಸ್ಪೇಸರ್ ಎಂಬ ದಪ್ಪ ಬಿಲ್ಲೆ ಕೂರಿಸಿದ್ದ. ಭಾನುವಾರಗಳಲ್ಲಿ ಕುಕ್ಕರಗಾಲಲ್ಲಿ ಕೂತು ನಟ್ಟು ಬಿಗಿಯುತ್ತಿದ್ದ. "ಚಕ್ರ ಕಳಚ್ಕೊಳಲ್ವೇನೋ?" ಎಂದಾಗಲೆಲ್ಲ, "ಕರೆಕ್ಟಾಗಿ ಕೂತಿದ್ರೆ ಸೇಫೇ ಅಕ್ಕ, ಆಗಾಗ ಟೈಟ್ ಮಾಡ್ಬೇಕಷ್ಟೆ," ಎನ್ನುತ್ತಿದ್ದ.

ರೈಲು ಹತ್ತಲು ಹೆದರುತ್ತಿದ್ದ ಕೊರೊನಾ ಕಾಲದಲ್ಲಿ, ಆಸ್ಪತ್ರೆಯಿಂದ ನಮ್ಮ ಯಜಮಾನರನ್ನು ಕರೆತರಲು ಅವನೇ ಕಾರು ತೆಗೆದ. ನಾನು ಹತ್ತಲು ಅನುಮಾನಿಸಿದೆ.

"ಬಿಲ್ಲೆ ಬಿಚ್ಚಿಟ್ಟಿದೀನಿ ಅಕ್ಕ. ನೀವು ದಾರೀಲಿ ಚಕ್ರದ ಚಿಂತೆ ಮಾಡ್ತಾ ಕೂತ್ರೆ ಅಣ್ಣನ್ನ ಯಾರು ನೋಡ್ಕೋತಾರೆ?"

ಆಸ್ಪತ್ರೆಯ ಬಾಗಿಲಲ್ಲಿ ಯಜಮಾನರು ಕಾರನ್ನು ದಿಟ್ಟಿಸಿದರು. "ಏನಯ್ಯಾ, ಇದಕ್ಕೂ ಕೊರೊನಾ ಬಂದಿತ್ತಾ? ಹಿಂಗೆ ಸೊರಗಿದೆ!"

ಅವರ ಬಾಯಲ್ಲಿ ತಮಾಷೆ ಕೇಳಿ ವಾರಗಳೇ ಆಗಿದ್ದವು. ನಾನು ನಿರಾಳವಾಗಿ ಅವರ ಪಕ್ಕ ಕೂತೆ.