ನಾಲ್ಕನೆಯವಳು

ಅವಳಿಗೆ ಬಾತು ಎಂದು ಹೆಸರಿಟ್ಟವರು ನಾವೇ, ಆಸ್ಪತ್ರೆಯ ಲಾಂಡ್ರಿಯವರು. ನಡೆಯುವಾಗ ಎರಡು ಪಾದವೂ ಹೊರಕ್ಕೆ ತಿರುಗುತ್ತಿದ್ದವು. ಸಾಲದ್ದಕ್ಕೆ ಬೆಳಗಿನ ಪಾಳಿಗೆ ಮೊದಲೇ ಊರಾಚೆಯ ಕೆರೆಯಲ್ಲಿ ಈಜಿ, ತೊಟ್ಟಿಕ್ಕುವ ಕೂದಲಲ್ಲೇ ಸೈಕಲ್ ತುಳಿದುಕೊಂಡು ಬರುತ್ತಿದ್ದಳು. ನಾವಿಬ್ಬರೂ ಒಂದೇ ಚಾದರದ ಎರಡು ತುದಿ ಹಿಡಿದು ಮಡಿಸುವವರು. ಅವಳಿಗೆ ಸಿಟ್ಟು ಬಂದರೆ ಬಾಯಿಗಿಂತ ಮೊದಲು ಚಾದರ ಹೇಳುತ್ತಿತ್ತು. ನನ್ನ ಭುಜ ಕಳಚುವ ಹಾಗೆ ಎಳೆಯುತ್ತಿದ್ದಳು.

ನಲವತ್ತು ದಾಟಿದ ಮೇಲೆ ಅವಳಿಗೆ ಟ್ರಯಥ್ಲಾನ್ ಹುಚ್ಚು ಹಿಡಿಯಿತು. ಈಜು, ಸೈಕಲ್, ಓಟ, ಮೂರೂ ಒಂದರ ಬೆನ್ನಿಗೊಂದು. ಗಂಡ ಸಿಟಿ ಬಸ್ಸಿನ ಚಾಲಕ. “ಮೂರಕ್ಕೂ ಟಿಕೆಟ್ ಬೇಕಾಗಿಲ್ಲ ನೋಡು, ಅದಕ್ಕೇ ಇಷ್ಟ ಇವಳಿಗೆ” ಎಂದು ನಗುತ್ತಿದ್ದ. ಆದರೆ ಅವಳ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದವನೂ ಅವನೇ.

ಆ ವರ್ಷ ನಮ್ಮೂರಿನ ದೊಡ್ಡ ಸ್ಪರ್ಧೆಯ ಪೋಸ್ಟರಿನಲ್ಲಿ, ಮಹಿಳೆಯರಲ್ಲಿ ಮೊದಲ ಐವರಿಗೆ ನಗದು ಬಹುಮಾನ ಎಂದು ಅಂಗೈಯಗಲದ ಅಕ್ಷರದಲ್ಲಿ ಬರೆದಿತ್ತು. ಅವಳ ಚೀಲ ಹೊರಲು ನಾನೂ ಹೋದೆ. ಬಿಳಿ ಟೋಪಿಯ ವೃತ್ತಿಪರರು ಮೊದಲು ನೀರಿಗಿಳಿದರು. ಸ್ವಲ್ಪ ಹೊತ್ತು ಬಿಟ್ಟು ಹಸಿರು ಟೋಪಿಯ ಉಳಿದವರು, ಅವರ ನಡುವೆ ಬಾತು. ಒಬ್ಬೊಬ್ಬರ ಕಾಲಿಗೂ ಹೊತ್ತು ಅಳೆಯುವ ಚಿಪ್ ಕಟ್ಟಿದ್ದರು, ಅವರವರು ಹೊರಟ ಹೊತ್ತಿನಿಂದ ಅವರವರ ಲೆಕ್ಕ. ಓಟ ಶುರುವಾಗುವ ಹೊತ್ತಿಗೆ ಟಾರು ಮೆತ್ತಗಾಗುವಷ್ಟು ಬಿಸಿಲು. ಬಿಳಿ ಟೋಪಿಯವರು ಒಬ್ಬೊಬ್ಬರಾಗಿ ಸೊಂಟ ಹಿಡಿದು ನಡೆಯತೊಡಗಿದರು. ವರ್ಷವಿಡೀ ಇಸ್ತ್ರಿ ಯಂತ್ರಗಳ ಹಬೆಯಲ್ಲಿ ಬೆಂದವಳಿಗೆ ಆ ಬಿಸಿಲು ಯಾವ ಲೆಕ್ಕ? ಪಾದ ಹೊರಕ್ಕೆ ಎಸೆಯುತ್ತಾ, ನಾಲಗೆ ಕಚ್ಚಿಕೊಂಡು ಬಂದೇ ಬಿಟ್ಟಳು. ಫಲಿತಾಂಶದ ಪರದೆಯ ಮೇಲೆ ಮಹಿಳೆಯರಲ್ಲಿ ನಾಲ್ಕನೆಯವಳು ಅವಳೇ. ನಾನು ಕುಣಿದೆ. ಗಂಡ ಬಸ್ಸಿನ ಹಾರ್ನಿನ ಹಾಗೆ ಕೂಗಿದ.

ವೇದಿಕೆಯಲ್ಲಿ ನಾಲ್ಕನೆಯ ಬಹುಮಾನಕ್ಕೆ ಬೇರೆಯವಳನ್ನು ಕರೆದರು. ಐದನೆಯದಕ್ಕೆ ಬಾತುವಿಗಿಂತ ಹಿಂದಿದ್ದ ಇನ್ನೊಬ್ಬ ತೆಳ್ಳನೆಯ ಹುಡುಗಿಯನ್ನು. ಬಾತು ಸೀದಾ ಆಯೋಜಕನ ಮುಂದೆ ಹೋಗಿ ನಿಂತಳು.

“ಅದು ವೃತ್ತಿಪರರಿಗಮ್ಮಾ. ನೀವು ಹವ್ಯಾಸಿ” ಎಂದ ಆತ.

“ಹವ್ಯಾಸಿ ಅಂದ್ರೆ?”

“ಖುಷಿಗೋಸ್ಕರ ಓಡೋರು.”

“ನನ್ನ ಮುಖ ನೋಡಿದ್ರೆ ಖುಷಿಗೆ ಓಡಿದ ಹಾಗೆ ಕಾಣುತ್ತಾ ನಿಮಗೆ?”

ಆತ ಮಗುವಿಗೆ ಪಾಠ ಹೇಳುವ ದನಿ ತೆಗೆದ. “ನೋಡಿ, ಅವರು ಒಬ್ಬರನ್ನೊಬ್ಬರು ಕಣ್ಣಲ್ಲಿಟ್ಟುಕೊಂಡು ಓಡ್ತಾರೆ. ನೀವು ಹಿಂದೆ ಹೊರಟವರು, ಇಷ್ಟು ವೇಗವಾಗಿದೀರಿ ಅಂತ ಅವರಿಗೆ ಗೊತ್ತೇ ಇರಲಿಲ್ಲ. ಗೊತ್ತಿದ್ರೆ ಇನ್ನೂ ಜೋರಾಗಿ ಓಡ್ತಿದ್ರು.”

“ಅಂದ್ರೆ ಅವರು ಮೆಲ್ಲಗೆ ಓಡಿದ್ದಕ್ಕೆ ನನಗೆ ದಂಡ. ಹಾಗಾದ್ರೆ ಅವರ ಜೊತೆಗೇ ನನ್ನನ್ನೂ ನಿಲ್ಲಿಸಬೇಕಿತ್ತು.”

“ವೃತ್ತಿಪರರ ಲೈಸೆನ್ಸ್ ಇಲ್ಲದೆ ನಿಲ್ಲಿಸೋ ಹಾಗಿಲ್ಲ.”

ಅಷ್ಟರಲ್ಲಿ ಆ ತೆಳ್ಳನೆಯ ಹುಡುಗಿ, ಕೈಯಲ್ಲಿ ಲಕೋಟೆ ಹಿಡಿದೇ ಹತ್ತಿರ ಬಂದಳು. ಮೊಣಕಾಲು ತರಚಿ ರಕ್ತ ಒಣಗಿತ್ತು. “ಅಕ್ಕಾ, ನಾನು ಕೆಲಸ ಬಿಟ್ಟು ಇದನ್ನೇ ನಂಬ್ಕೊಂಡಿದೀನಿ. ಇದು ಬರದಿದ್ರೆ ಮನೆ ಬಾಡಿಗೆ ಕಟ್ಟೋಕಾಗಲ್ಲ. ನಿಮಗಾದ್ರೆ ಸಂಬಳ ಬರುತ್ತೆ.”

ಬಾತು ಅವಳ ಮೊಣಕಾಲನ್ನೇ ನೋಡಿದಳು. “ನಿನ್ನ ಮೇಲೆ ಸಿಟ್ಟಿಲ್ಲ ಕಣಮ್ಮಾ. ನಿನ್ನ ಬಾಡಿಗೆಯನ್ನ ನನ್ನ ಕಾಲಿಂದ ಕಟ್ಟಿಸ್ತಿದಾರಲ್ಲ, ಅವರ ಮೇಲೆ.”

ನಲವತ್ತು ದಾಟಿದ ಹವ್ಯಾಸಿಗಳಲ್ಲಿ ಮೊದಲಿಗಳೆಂದು ಒಂದು ಗಾಜಿನ ಕಪ್ಪನ್ನೂ ತಂಪು ಕನ್ನಡಕಕ್ಕೊಂದು ರಿಯಾಯಿತಿ ಚೀಟಿಯನ್ನೂ ಕೊಟ್ಟರು. ಎರಡನ್ನೂ ಆಯೋಜಕನ ಮೇಜಿನ ಮೇಲಿಟ್ಟು ಬಂದಳು. “ಕಪ್ಪಾದ್ರೂ ತರಬಾರದಾಗಿತ್ತಾ?” ಎಂದ ಗಂಡನ ಜೊತೆ ಆ ವಾರವೆಲ್ಲ ಮಾತಿಲ್ಲ. ಲಾಂಡ್ರಿಯಲ್ಲಿ ಅವಳು ಚಾದರ ಎಳೆದೆಳೆದು ನನ್ನ ಕೈ ನೋಯುತ್ತಿತ್ತು.

ಅಷ್ಟಕ್ಕೇ ಮುಗಿದಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಮರುವರ್ಷ ಆಸ್ಪತ್ರೆ ಎದುರಿನ ಬಸ್ ನಿಲ್ದಾಣದಲ್ಲಿ ಹೊಸ ಪೋಸ್ಟರ್ ಬಂತು. ನಾಲಗೆ ಕಚ್ಚಿಕೊಂಡು ಓಡುತ್ತಿರುವ ಬಾತು, ಆಳೆತ್ತರ. ಕೆಳಗೆ, “ನೀವೂ ವೃತ್ತಿಪರರನ್ನು ಮೀರಿಸಬಲ್ಲಿರಿ! ಇಂದೇ ಹೆಸರು ನೋಂದಾಯಿಸಿ.” ಪ್ರವೇಶ ಶುಲ್ಕ ಒಂದೂವರೆ ಪಟ್ಟು ಏರಿತ್ತು.

ಬಾತು ಕೆಲಸದ ಏಪ್ರನ್ನನ್ನೂ ಬಿಚ್ಚದೆ ಹೊರಟಳು. ನಾನು ಹಿಂದೆಯೇ ಓಡಿದೆ. ಗಾಜಿನ ಬಾಗಿಲಿನ ಕಚೇರಿ, ಒಳಗೆ ಮೈ ನಡುಗಿಸುವ ಎ.ಸಿ. ಆಯೋಜಕ ಎದ್ದು ನಿಂತು ಎರಡೂ ಕೈ ಚಾಚಿದ. “ಬನ್ನಿ ಬನ್ನಿ, ನೀವು ನಮ್ಮ ಹೆಮ್ಮೆ!”

“ಮೀರಿಸಿದ್ದೀನಿ ಅಂತ ನೀವೇ ಗೋಡೆ ಮೇಲೆ ಬರೆಸಿದೀರಿ. ಮೀರಿಸಿದ್ರೆ ದುಡ್ಡು ಕೊಡಿ. ಮೀರಿಸಿಲ್ಲ ಅಂದ್ರೆ ಫೋಟೋ ಕೀಳಿಸಿ. ಎರಡರಲ್ಲಿ ಒಂದು.”

“ಈ ಸಲ ನಿಮಗೆ ಪ್ರವೇಶ ಉಚಿತ ಮಾಡೋಣ—”

“ನಿಮ್ಮ ಉಚಿತಕ್ಕಿಷ್ಟು ಬೆಂಕಿ ಹಾಕ! ಸಾವಿರಾರು ಜನ ಹವ್ಯಾಸಿಗಳ ಶುಲ್ಕ ಒಟ್ಟು ಮಾಡಿ ಬಹುಮಾನ ಕಟ್ತೀರಿ. ನಮ್ಮ ದುಡ್ಡು ಬೇಕು, ನಮ್ಮ ಮುಖ ಬೇಕು, ನಮ್ಮ ಓಟ ಮಾತ್ರ ಲೆಕ್ಕಕ್ಕಿಲ್ಲ, ಅಲ್ವಾ?”

ಪಕ್ಕದ ಕೋಣೆಯವರೆಲ್ಲ ಕತ್ತು ಚಾಚಿದರು. ಆತನ ಕಿವಿ ಕೆಂಪಾಯಿತು.

ಮೂರ್ನಾಲ್ಕು ದಿನದಲ್ಲಿ ಪೋಸ್ಟರ್ ಬದಲಾಯಿತು. ಬೆವರೇ ಇಲ್ಲದ ಯಾರೋ ಚೆಲುವೆ ನಗುತ್ತಿದ್ದಳು. ಅಡಿಯಲ್ಲಿ, ನಗದು ಬಹುಮಾನ ವೃತ್ತಿಪರರಿಗೆ ಮಾತ್ರ ಎಂಬ ಹೊಸ ಸಾಲು, ಇರುವೆ ಗಾತ್ರದ ಅಕ್ಷರದಲ್ಲಿ. ಅಷ್ಟು ಕೂಗಾಡಿ ನಾವು ಗಳಿಸಿದ್ದು ಆ ಒಂದು ಸಾಲು.

ಆ ಸಲ ಅವಳು ಓಡಲಿಲ್ಲ. ಓಡುವ ಬದಲು ಲೈಸೆನ್ಸಿಗೆ ಅಲೆದಳು. ಸಿಕ್ಕ ಮೇಲೆ, ಮುಂದಿನ ವರ್ಷದ ಸ್ಪರ್ಧೆಗೆ ಬಿಳಿ ಟೋಪಿ ಹಾಕಿಕೊಂಡು ನಿಂತಳು. ನೀರಲ್ಲಿ ಯಾರದೋ ಮೊಣಕೈ ತಗುಲಿ ಹುಬ್ಬು ಒಡೆಯಿತು, ಬಂದದ್ದು ಎಂಟನೆಯವಳಾಗಿ. ಆ ತೆಳ್ಳನೆಯ ಹುಡುಗಿ ಎಷ್ಟೋ ಮುಂದಿದ್ದಳು. ಹುಬ್ಬಿಗೆ ಬ್ಯಾಂಡೇಜು ಸುತ್ತಿಸಿಕೊಳ್ಳುತ್ತಾ ಬಾತು ನನಗೆ ಹೇಳಿದಳು: “ಇವರ ಮಧ್ಯೆ ಓಡೋದು ಬೇರೆಯೇ ಕಣೇ. ಆ ಆಯೋಜಕ ಆವತ್ತು ಹೇಳಿದ್ದರಲ್ಲಿ ಸ್ವಲ್ಪ ನಿಜ ಇದೆ.” ಹೀಗೆ ಒಪ್ಪಿಕೊಳ್ಳಬೇಕಾಗಿ ಬಂದದ್ದೇ ಅವಳಿಗೆ ಇನ್ನಷ್ಟು ಉರಿ.

ಅದರ ಮುಂದಿನ ವರ್ಷ ಮತ್ತೆ ಸುಡು ಬಿಸಿಲು. ಐದನೆಯವಳಾದಳು. ವೇದಿಕೆ ಹತ್ತಿದಳು, ಲಕೋಟೆ ತೆಗೆದುಕೊಂಡಳು. ಆಯೋಜಕ ಕ್ಯಾಮೆರಾ ಕಡೆ ತಿರುಗಿ ಹಲ್ಲು ಬಿಟ್ಟ.

“ಇದು ಈ ವರ್ಷದ್ದು. ಆವತ್ತಿಂದು ಯಾವಾಗ?” ಎಂದಳು ಬಾತು, ಮೈಕಿಗೆ ಕೇಳುವಷ್ಟು ಜೋರಾಗಿ.

ತಮಾಷೆ ಎಂದುಕೊಂಡು ಆತ ನಕ್ಕ, ಜನರೂ ನಕ್ಕರು. ಅವಳು ನಗದೆ, ಉತ್ತರಕ್ಕೆ ಕಾಯುತ್ತಾ ಅಲ್ಲೇ ನಿಂತಳು. ಹವ್ಯಾಸಿಗಳ ಹೆಸರು ಕರೆಯತೊಡಗಿದರೂ ಇಳಿಯಲಿಲ್ಲ. ಕೊನೆಗೆ ಗಂಡ ಮೆಟ್ಟಿಲ ಬಳಿ ಹೋಗಿ, “ಬಾರೇ, ನನ್ನ ಪಾಳಿಗೆ ಹೊತ್ತಾಯ್ತು” ಎಂದ ಮೇಲೆಯೇ ಇಳಿದು ಬಂದದ್ದು.